ಉಡಿ ತುಂಬುವ ಚೀಟಿಗಳು

ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಇಳಕಲ್ಲಿಗೆ ಹಿಂತಿರುಗಿದ ಮೇಲೆ ನನ್ನ ಪಾಲಿಗೆ ಬಂದ ಮೊದಲ ಕೆಲಸ ತಂಬೋಲಾ ಚೀಟಿ ಬರೆಯುವುದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬಾಗಲಕೋಟೆಯ ಕಾಲೇಜೊಂದರಲ್ಲಿ ತಾತ್ಕಾಲಿಕ ಅಧ್ಯಾಪಕರ ಜಾಗ ಖಾಲಿ ಇತ್ತು. ನನ್ನ ಗುರುಗಳು ಅಲ್ಲಿನ ಪ್ರಾಚಾರ್ಯರಿಗೆ ನನ್ನ ವಿಷಯ ಹೇಳಿದ್ದರು. ದೀಪಾವಳಿ ರಜೆ ಮುಗಿಯುವುದರೊಳಗೆ ಬರುತ್ತೇನೋ ಇಲ್ಲವೋ ತಿಳಿಸಬೇಕಿತ್ತು. ಅಪ್ಪನನ್ನು ಕೇಳಿದಾಗ ಅವರು ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

"ಒಂದು ಮಾತುಕತಿ ನಡದೈತಿ. ಅದು ಮುಗೀಲಿ" ಎಂದರು.

ನಮ್ಮ ಮನೆಯ ಮುಂಭಾಗ ಅಪ್ಪನ ಸೀರೆ ಅಂಗಡಿ, ಹಿಂಭಾಗ ನಾವಿರುವ ಜಾಗ. ನಡುವೆ ಒಂದು ಬಾಗಿಲು. ಬೀದಿಗೆ ಹೋಗಬೇಕಾದರೆ ಅಂಗಡಿ ದಾಟಿಯೇ ಹೋಗಬೇಕು. ಗಿರಾಕಿಗಳಿರುವಾಗ ಬೆಳೆದ ಹುಡುಗಿ ಅಲ್ಲಿ ಹಾದುಹೋಗುವುದು ಚೆನ್ನಾಗಿ ಕಾಣುವುದಿಲ್ಲವೆಂದು ಅವ್ವ ಹೇಳುತ್ತಿದ್ದಳು. ಗಿರಾಕಿಗಳಿಲ್ಲದ ಹೊತ್ತು ಕಡಿಮೆ. ಧಾರವಾಡದಲ್ಲಿ ಗ್ರಂಥಾಲಯದಿಂದ ಹಾಸ್ಟೆಲ್ಲಿಗೆ ಒಬ್ಬಳೇ ನಡೆದು ಬರುತ್ತಿದ್ದೆ. ಅದೊಂದು ದೊಡ್ಡ ಸಂಗತಿಯೆಂದು ಆಗ ಅನಿಸಿರಲೇ ಇಲ್ಲ. ಈಗ ಮಧ್ಯಾಹ್ನಗಳು ಹಿಂದಿನ ಪಡಸಾಲೆಯಲ್ಲಿ ಕಳೆಯುತ್ತಿದ್ದವು. ಅಲ್ಲಿಗೆ ಅಂಗಡಿ ಕಾಣುತ್ತಿರಲಿಲ್ಲ, ಅದರ ಮಾತು ಮಾತ್ರ ಕೇಳುತ್ತಿತ್ತು: ಗಂಟು ಬಿಚ್ಚುವ ಸದ್ದು, ಸೆರಗಿನ ಕೆಂಪು ಸಾಲದೆನ್ನುವ ಯಾರದೋ ದನಿ, ಅಪ್ಪನ ವ್ಯಾಪಾರದ ನಗು.

ನನ್ನ ಜೊತೆಗೆ ಇರುತ್ತಿದ್ದವಳು ಅಪ್ಪನ ಅಕ್ಕ. ಎಳೆ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು. ಹಣೆಯ ತುಂಬ ವಿಭೂತಿ, ಎಡಗೆನ್ನೆಯಲ್ಲಿ ಸದಾ ಒಂದು ಅಡಿಕೆ ಹೋಳು. ಮನೆಗೆ ಮುತ್ತೈದೆಯರು ಬಂದರೆ ಯಾರೂ ಹೇಳದೆಯೇ ಅಡಿಗೆಮನೆಗೆ ಸರಿದುಬಿಡುತ್ತಿದ್ದಳು. ಅವರು ಹೋದ ಮೇಲೆ ಬಂದು ಒಬ್ಬೊಬ್ಬರ ಹಾಗೆ ಮಾತಾಡಿ ತೋರಿಸುತ್ತಿದ್ದಳು. ನಾನು ಆಡದ ಮಾತುಗಳನ್ನೂ ಸೇರಿಸಿ ಈ ಮನೆಯಲ್ಲಿ ಮಾತಾಡುತ್ತಿದ್ದವಳು ಅತ್ತೆಯೇ.

ಒಂದು ಮಧ್ಯಾಹ್ನ ಹುನಗುಂದದಿಂದ ಅರಳೆ ವ್ಯಾಪಾರಿಯೊಬ್ಬರ ಹೆಂಡತಿ ಸೀರೆ ನೋಡಲು ಬಂದರು. ಅಲ್ಲಿಯ ಮಹಿಳಾ ಮಂಡಳದ ಅಧ್ಯಕ್ಷೆ. ಎಲ್ಲರೂ ಅವರನ್ನು ಅಕ್ಕಾವರು ಎನ್ನುತ್ತಿದ್ದರು. ಸೀರೆ ಕೊಂಡಾದ ಮೇಲೆ ಅವರು ಅಂಗಡಿಯ ಬಾಗಿಲು ದಾಟಿ ಒಳಗೆ ಬಂದು ನನ್ನೆದುರು ಚಾಪೆಯ ಮೇಲೆ ಕುಳಿತರು. ಅವ್ವ ಚಹಾ ತರಲು ಓಡಿದಳು.

"ಕೂಸು ಲೆಕ್ಕಾ ಕಲತೈತಂತಲ್ಲ?"

"ಸಂಖ್ಯಾಶಾಸ್ತ್ರರೀ."

"ಎರಡೂ ಒಂದ ಬಿಡು. ನನಗ ಅಂಕಿ ಕೆಲಸಾ ಬರೂ ಒಬ್ಬಾಕಿ ಬೇಕಾಗಿತ್ತು."

ಅವರ ತೊಂದರೆ ಇದು. ಅವರ ತಮ್ಮ ಅಣೆಕಟ್ಟಿನ ಕಾಲೊನಿಯಲ್ಲಿ ಎಂಜಿನಿಯರು. ಒಬ್ಬರು ಸಂಖ್ಯೆ ಕೂಗಿದರೆ ಉಳಿದವರು ತಮ್ಮ ಚೀಟಿಯಲ್ಲಿ ಅದನ್ನು ಹೊಡೆದುಕೊಳ್ಳುವ ತಂಬೋಲಾ ಆಟವನ್ನು ಅಲ್ಲಿ ಹೆಂಗಸರು ಆಡುವುದನ್ನು ಕಂಡು ಇವರೂ ಅಚ್ಚಾದ ಚೀಟಿ ತಂದು ಶ್ರಾವಣದ ಒಂದು ಶುಕ್ರವಾರ ತಮ್ಮ ಮನೆಯಲ್ಲಿ ಆಡಿಸಿದ್ದರು. ಬಹುಮಾನ ನಾಲ್ಕಾರು ಜನರಿಗೆ ಬಂತು. ಉಳಿದವರಿಗೆ ಏನೂ ಇಲ್ಲ.

"ಶುಕ್ರವಾರ ದಿನ, ನಮ್ಮ ಮನಿಗೆ ಬಂದ ಮುತ್ತೈದೇರು ಬರೇ ಉಡೀಲೆ ಎದ್ದು ಹೋದರವಾ. ಮರುದಿನ ಒಬ್ಬಾಕಿ ಅತ್ತಿ ಬಂದು ನನ್ನ ಬಾಗಲದಾಗ ನಿಂತು, ಆಟಕ್ಕ ಕರದ್ರೆನ ಅಪಮಾನಕ್ಕ ಕರದ್ರಿ ಅಂತ ಕೇಳಿದ್ಲು. ಏನ್ ಹೇಳಲಿ? ಆಟದ ಮಂದಿ ಹಂಗ ಮಾಡ್ಯಾರ ಅನ್ನಲೇನು?"

"ಆಟಾ ಮುಗದ ಮ್ಯಾಲೆ ಎಲ್ಲಾರಿಗೂ ಉಡಿ ತುಂಬಿ ಕಳಸಿದ್ರ ಆಗತಿತ್ತಲ್ಲರೀ" ಎಂದಳು ಚಹಾ ತಂದಿಟ್ಟ ಅವ್ವ.

"ತುಂಬಿದೆ. ಸೋತ ಮ್ಯಾಲೆ ತುಂಬಿದ್ದು ಸಮಾಧಾನಕ್ಕ ಕೊಟ್ಟಂಗ ಅನಸ್ತೈತಂತ. ನನಗ ಬೇಕಾಗಿದ್ದು ಏನಂದ್ರ, ಆಟ ಆಟದಂಗ ಇರಬೇಕು. ಯಾರಿಗೆ ಯಾವಾಗ ಬರತೈತಿ ದೇವರಿಗೂ ತಿಳೀಬಾರದು. ಏಳೂ ಹೊತ್ತಿಗೆ ಎಲ್ಲಾರ ಉಡೀನೂ ಸಮ ಇರಬೇಕು. ಅಂಥಾ ಚೀಟಿ ಆಗತಾವೇನು?"

ಎಷ್ಟೋ ತಿಂಗಳ ನಂತರ ಯಾರೋ ನನಗೊಂದು ನಿಜವಾದ ಪ್ರಶ್ನೆ ಕೇಳಿದ್ದರು. ಅವ್ವನ ಮುಖ ನೋಡುವ ಮೊದಲೇ ನನ್ನ ಬಾಯಿಂದ "ಆಗತಾವರೀ" ಬಂದುಬಿಟ್ಟಿತು.

ಅವರು ಹೋದ ಮೇಲೆ ಅತ್ತೆ ಅಡಿಗೆಮನೆಯಿಂದ ಹೊರಗೆ ಬಂದಳು.

"ಮಾತುಕತಿ ಯಾರ ಮನೀದು ಅಂತ ತಿಳೀತಿಲ್ಲ?"

"ಇಲ್ಲ."

"ಇದ ಅಕ್ಕಾನ ಮಗಂದು. ಹುಡುಗ ಅರಳಿ ಅಂಗಡಿ ನೋಡ್ಕೋತಾನ. ಸಂಭಾವಿತ ಅದಾನಂತ. ಆದ್ರ ಆಕಿ ಮೊದಲ ಹೇಳ್ಯಾಳ, ನಮ್ಮ ಸೊಸಿ ಹೊರಗ ಹೋಗಿ ದುಡಿಯೂದು ಬ್ಯಾಡ ಅಂತ. ಬಾಗಲಕೋಟಿ ಮಾತು ತಗೀಬ್ಯಾಡ ಅಂತ ನಿಮ್ಮವ್ವಗೂ ಹೇಳ್ಯಾಳ."

ಅವ್ವ ಚಹಾದ ಬಟ್ಟಲು ಎತ್ತುತ್ತ, "ಅಂಜಿಸಬ್ಯಾಡ್ರಿ ಹುಡುಗೀನ" ಎಂದಳು. ಅಲ್ಲಿಗೇ ಬಿಡದೆ, "ಇನ್ನೂ ಏನೂ ಆಗಿಲ್ಲ. ಆಕಿ ಬಂದು ಉಡಿ ತುಂಬಿದ ಮ್ಯಾಲೆ ಅಲ್ಲೇನು, ಮಾತು ಮುಗದಂಗ" ಎಂದೂ ಸೇರಿಸಿದಳು. ನಮ್ಮ ಕಡೆ ಅದು ಹಾಗೆಯೇ. ವರನ ತಾಯಿ ಹುಡುಗಿಯ ಸೆರಗಿನಲ್ಲಿ ಐದು ಉತ್ತತ್ತಿ, ಐದು ಅಡಿಕೆ, ಐದು ಅರಿಷಿಣ ಬೇರು ಹಾಕಿ ತೆಂಗಿನಕಾಯಿ ಇಟ್ಟಳೆಂದರೆ ಹುಡುಗಿ ಅವರವಳು. ಆಮೇಲೆ ಇಲ್ಲವೆನ್ನುವುದು ಎರಡೂ ಮನೆಗೆ ಅವಮಾನ.

ಚೀಟಿಯ ಲೆಕ್ಕ ಅಷ್ಟು ಸುಲಭವಾಗಿರಲಿಲ್ಲ. ಅದರಿಂದಲೇ ನನಗೆ ಆ ದಿನಗಳು ಕಳೆದವು. ತಂಬೋಲಾ ಚೀಟಿಗೆ ಮೂರು ಅಡ್ಡಸಾಲು, ಒಂಬತ್ತು ಕಂಬಸಾಲು. ಪ್ರತಿ ಅಡ್ಡಸಾಲಿನಲ್ಲಿ ಐದು ಸಂಖ್ಯೆ, ಒಟ್ಟು ಹದಿನೈದು. ಮೊದಲ ಕಂಬದಲ್ಲಿ ಒಂದರಿಂದ ಒಂಬತ್ತು, ಎರಡನೆಯದರಲ್ಲಿ ಹತ್ತರಿಂದ ಹತ್ತೊಂಬತ್ತು, ಹೀಗೆ ಕೊನೆಯದರಲ್ಲಿ ಎಂಬತ್ತರಿಂದ ತೊಂಬತ್ತು. ಯಾವ ಕಂಬವೂ ಬರಿದಾಗಿರಬಾರದು. ಅಂಗಡಿಯಲ್ಲಿ ಸಿಗುವ ಚೀಟಿಗಳಲ್ಲಿ ಸಂಖ್ಯೆಗಳು ಹೇಗೆ ಬೇಕೋ ಹಾಗೆ ಬಿದ್ದಿರುತ್ತವೆ. ಒಂದೇ ಸಂಖ್ಯೆ ಐದು ಜನರ ಬಳಿ ಇರಬಹುದು, ಯಾರ ಬಳಿಯೂ ಇಲ್ಲದಿರಬಹುದು. ನಾನು ಹದಿನೈದನ್ನು ಆರರಿಂದ ಗುಣಿಸಿ ನೋಡಿದೆ. ತೊಂಬತ್ತು. ಆರು ಚೀಟಿಗಳಲ್ಲಿ ತೊಂಬತ್ತೂ ಸಂಖ್ಯೆಗಳು ಒಂದೊಂದೇ ಸಲ ಬರುವಂತೆ ಹಂಚಿದರೆ, ಆರು ಜನ ಕೂತ ಜಮಖಾನೆಯ ಮೇಲೆ ಕೂಗಿದ ಪ್ರತಿ ಸಂಖ್ಯೆಯೂ ಯಾರಾದರೊಬ್ಬರದೇ ಆಗಿರುತ್ತದೆ. ಸಂಖ್ಯೆ ಬಂದವಳು ನಡುವಿನ ತಟ್ಟೆಯಿಂದ ಒಂದು ವಸ್ತು ಎತ್ತಿಕೊಳ್ಳಲಿ. ಮೇಲಿನ ಸಾಲಿಗೆ ಉತ್ತತ್ತಿ, ನಡುವಿನದಕ್ಕೆ ಅಡಿಕೆ, ಕೆಳಗಿನದಕ್ಕೆ ಅರಿಷಿಣ ಬೇರು. ಸಾಲಿಗೆ ಐದು ಸಂಖ್ಯೆ, ಉಡಿಯಲ್ಲೂ ಎಲ್ಲ ಐದೈದು. ಇದು ಹೊಳೆದಾಗ ನಾನು ಪಡಸಾಲೆಯಲ್ಲಿ ಎದ್ದು ನಿಂತಿದ್ದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಮತ್ತೆ ಕುಳಿತೆ.

ತೊಂಬತ್ತೂ ಕೂಗಿ ಮುಗಿದಾಗ ಪ್ರತಿಯೊಬ್ಬಳ ಉಡಿಯಲ್ಲೂ ಹದಿನೈದು ಇರುತ್ತವೆ. ಯಾರಿಗೆ ಮೊದಲು ತುಂಬುತ್ತದೆ, ಯಾರಿಗೆ ಕೊನೆಗೆ ಎಂಬುದಷ್ಟೇ ಅದೃಷ್ಟ. ಮೊದಲು ತುಂಬಿದವಳಿಗೆ ಕುಪ್ಪಸಕ್ಕೆಂದು ಗುಳೇದಗುಡ್ಡದ ಒಂದು ಖಣ.

ಹಂಚುವ ರೀತಿಯನ್ನೂ ಕಂಡುಕೊಂಡೆ. ಮೊದಲು ಪ್ರತಿ ಚೀಟಿಗೆ ಪ್ರತಿ ಕಂಬದಿಂದ ಒಂದೊಂದು ಸಂಖ್ಯೆ. ಆಗ ಮೂವತ್ತಾರು ಸಂಖ್ಯೆ ಉಳಿಯುತ್ತವೆ, ಚೀಟಿಗೆ ಆರಾರು ಸೇರಿಸಬೇಕು. ಯಾವ ಸಂಖ್ಯೆ ಯಾವ ಚೀಟಿಗೆ ಎನ್ನುವುದನ್ನು ನಾನು ಆರಿಸಲಿಲ್ಲ. ಹುಣಸೆ ಬೀಜಗಳ ಮೇಲೆ ಬಿಳಿ ಬಣ್ಣದಲ್ಲಿ ಒಂದರಿಂದ ತೊಂಬತ್ತು ಬರೆದು, ಕೈಚೀಲಕ್ಕೆ ಹಾಕಿ, ಕಣ್ಣು ಮುಚ್ಚಿ ತೆಗೆದೆ. ಮನುಷ್ಯರು ಆರಿಸಿದರೆ ಅದರಲ್ಲಿ ಅವರ ಇಷ್ಟ ನುಸುಳುತ್ತದೆ. ಕೊನೆಗೆ ಸಾಲಿಗೆ ಐದಾಗುವಂತೆ ಮಾತ್ರ ಸರಿಪಡಿಸಿದೆ. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ತಪ್ಪುತ್ತಿತ್ತು. ಎಷ್ಟೋ ಸಲ ಅಳಿಸಿ ಮೊದಲಿನಿಂದ ಶುರು ಮಾಡಿದೆ. ಅಕ್ಕಾವರು ಹನ್ನೆರಡು ಜನ ಎಂದಿದ್ದರು. ಆರಾರರ ಎರಡು ಕಟ್ಟು ಮಾಡಿ, ಅಂಗಡಿಯ ಸೀರೆ ಪೆಟ್ಟಿಗೆಗಳ ರಟ್ಟನ್ನು ಕತ್ತರಿಸಿ ಅದರ ಮೇಲೆ ಬರೆದೆ. ಅಧ್ಯಕ್ಷರದು ಬೇರೆ ಕಾಣಬೇಕೆಂದು ಅವ್ವ ಹೇಳಿದ್ದರಿಂದ ಎರಡನೆಯ ಕಟ್ಟಿನ ಒಂದು ಚೀಟಿಗೆ ಕೆಂಪು ಅಂಚು ಎಳೆದೆ.

ಪರೀಕ್ಷೆ ಮಾಡಲು ನನಗಿದ್ದವಳು ಅತ್ತೆ. ಅವಳು ಹನ್ನೆರಡೂ ಚೀಟಿ ಹರಡಿಕೊಂಡು ಕುಳಿತು ಹನ್ನೆರಡು ಹೆಂಗಸರಾಗುತ್ತಿದ್ದಳು. ನಾನು ಸಂಖ್ಯೆ ಕೂಗಿದರೆ ಗೋಡೆಯ ಬದಿಯ ಚೀಟಿಯ ಪರವಾಗಿ ನಿಟ್ಟುಸಿರು ಬಿಡುತ್ತಿದ್ದಳು.

"ಅಯ್ಯ, ನನಗೆಲ್ಲಿ ಬರತೈತ್ರೀ. ನಮ್ಮ ಮನ್ಯಾರ ಹಣೇಬರಾನ ಅಷ್ಟು."

ಕೂಡಲೇ ಪಕ್ಕದ ಚೀಟಿಯ ದನಿ: "ನಿಮ್ಮ ಮನ್ಯಾರಿಗೆ ಏನಾಗೇತ್ರೀ? ಮುಂಜಾನಿ ಎಂಟು ರೊಟ್ಟಿ ಹೊಡದು ಕಟ್ಟೀಮ್ಯಾಲೆ ಕುಂತಾರ."

ಕೆಂಪಂಚಿನ ಚೀಟಿಗೆ ಬಂದಾಗ ಕತ್ತು ನೆಟ್ಟಗೆ ಮಾಡುತ್ತಿದ್ದಳು. "ಎಲ್ಲಾರೂ ಸುಮ್ಮನಿರ್ರಿ. ಸೋಲೂದು ಗೆಲ್ಲೂದು ಮುಖ್ಯ ಅಲ್ಲ. ನಾ ಹೇಳಿದ್ದು ಕೇಳೂದು ಮುಖ್ಯ."

ನಾನು ನಕ್ಕೆ. ಆ ಮನೆಯಲ್ಲಿ ನಾನು ಗಟ್ಟಿಯಾಗಿ ನಕ್ಕದ್ದು ಆ ಮಧ್ಯಾಹ್ನಗಳಲ್ಲೇ. ಆಡಿ ಆಡಿ ಅತ್ತೆಗೆ ಚೀಟಿಗಳು ಬಾಯಿಪಾಠವಾದವು. ಸಂಖ್ಯೆ ಕೂಗಿ ಮುಗಿಯುವುದರೊಳಗೆ ಅವಳ ಎರಡು ಬೆರಳು ಎರಡು ಚೀಟಿಗಳ ಮೇಲೆ ಇರುತ್ತಿದ್ದವು.

ಒಂದು ಸಲ ಆಟದ ನಡುವೆ ಅವ್ವ ಕೂಗಿದ್ದರಿಂದ ಅತ್ತೆ ಮೂರು ಚೀಟಿ ಕೈಯಲ್ಲಿ ಹಿಡಿದೇ ಎದ್ದು ಹೋದಳು. ನಾನು ಗಮನಿಸದೆ ಕೂಗುತ್ತ ಹೋದೆ. ಕೆಲವು ಸಂಖ್ಯೆಗಳನ್ನು ತೆಗೆದುಕೊಳ್ಳುವವರೇ ಇಲ್ಲ, ತಟ್ಟೆಯ ಲೆಕ್ಕವೂ ತಪ್ಪಿತು. ಒಬ್ಬರು ಎದ್ದರೂ ಉಳಿದವರ ಆಟ ಕೆಡುತ್ತದೆ. ಹೀಗಾಗಿ ನಿಯಮ ಸೇರಿಸಿದೆ: ಜಮಖಾನೆಗೆ ಆರು ಜನ ಇರಲೇಬೇಕು, ತೊಂಬತ್ತೂ ಮುಗಿಯುವವರೆಗೆ ಯಾರೂ ಏಳುವ ಹಾಗಿಲ್ಲ. ಅಪ್ಪ ಅದನ್ನು ಹುನಗುಂದಕ್ಕೆ ಹೇಳಿ ಕಳಿಸಿದರು. ಬಹಳ ಚೆನ್ನಾಗಿದೆ ಎಂದು ಅಕ್ಕಾವರಿಂದ ಮಾತು ಬಂತು.

ಸೀಗಿ ಹುಣ್ಣಿಮೆ ಕಳೆದ ಮೇಲಿನ ಶುಕ್ರವಾರ ಆಟ. ನಾನು ಸಂಖ್ಯೆ ಕೂಗುವವಳು, ಅತ್ತೆ ಚೀಟಿ ಮತ್ತು ಬೀಜಗಳ ಚೀಲ ಹಿಡಿದು ಬರುವವಳು ಎಂದು ಗೊತ್ತಾಗಿತ್ತು. ಬೆಳಿಗ್ಗೆ ಅವ್ವ ನನಗೆ ತನ್ನ ಹೊಸ ಇಳಕಲ್ ಸೀರೆ ಉಡಿಸಿದಳು, ತಲೆ ತುಂಬ ಹೂ ಮುಡಿಸಿದಳು. ಸಂಖ್ಯೆ ಕೂಗುವವಳಿಗೆ ಇಷ್ಟೆಲ್ಲ ಯಾಕೆ ಎಂದೆ. "ಹತ್ತು ಮಂದಿ ನೋಡತಾರವಾ" ಎಂದಳು. ಸೆರಗನ್ನು ಮತ್ತೆ ಮತ್ತೆ ಎಳೆದು ಉದ್ದ ಮಾಡಿದಳು.

ಹುನಗುಂದದ ಆ ಮನೆ ದೊಡ್ಡದು, ಕಲ್ಲಿನದು, ಒಳಗೆ ತಂಪು. ಕೂಡುವ ಕೋಣೆಯಲ್ಲಿ ಎರಡು ಜಮಖಾನೆ ಹಾಸಿದ್ದರು. ಹೆಂಗಸರು ಬಂದು ಕುಳಿತಿದ್ದರು, ಅವ್ವನೂ ಹೋಗಿ ಅವರ ನಡುವೆ ಕುಳಿತಳು. ಅತ್ತೆ ಹೊಸ್ತಿಲ ಆಚೆ, ನಡುಮನೆಯಲ್ಲಿ ಉಳಿದಳು. ನಾನು ಅವಳ ಕೈಯಿಂದ ಚೀಟಿ ತೆಗೆದುಕೊಂಡು ಹಂಚಿದೆ. ಎರಡನೆಯ ಜಮಖಾನೆಯಲ್ಲಿ ಅಕ್ಕಾವರು ಕೆಂಪಂಚಿನ ಚೀಟಿ ಹಿಡಿದು ಕುಳಿತರು. ಮೊದಲ ಜಮಖಾನೆಯಲ್ಲಿ ಐವರೇ ಇದ್ದರು.

"ಇನ್ನೊಬ್ಬರು ಬರಬೇಕಲ್ಲರೀ?" ಎಂದೆ.

"ಆಕಿ ಬರಲಿಲ್ಲ ನೋಡು" ಎಂದರು ಅಕ್ಕಾವರು. "ಆರು ಮಂದಿ ಇಲ್ಲದಿದ್ರ ಆಟ ಕೆಡತೈತಿ ಅಂತ ನೀನ ಹೇಳಿ ಕಳಿಸೀದಿ. ನೀನ ಕೂಡು."

"ಸಂಖ್ಯೆ ಕೂಗವರು ಬೇಕರೀ."

"ನಿಮ್ಮ ಅತ್ತಿಗೆ ಅಂಕಿ ಓದಾಕ ಬರತೈತಲ್ಲ. ಅಲ್ಲೇ ಬಾಗಲದಾಗ ಕುಂತು ಕೂಗಲಿ."

ನಾನು ಅವ್ವನ ಕಡೆ ನೋಡಿದೆ. ಅವಳು ಜಮಖಾನೆಯ ಅಂಚಿನ ದಾರ ನೋಡುತ್ತಿದ್ದಳು. ಆಗ ಅರ್ಥವಾಯಿತು, ಯಾರೂ ಬರದೆ ಉಳಿದಿಲ್ಲ; ಹನ್ನೆರಡನೆಯವಳನ್ನು ಕರೆದೇ ಇರಲಿಲ್ಲ. ಇಲ್ಲಿ ಆಟವೇ ಉಡಿ ತುಂಬುತ್ತದೆ, ಕೊನೆಗೆ ತೆಂಗಿನಕಾಯಿ ಇಡುವವರು ಅಕ್ಕಾವರು. ಕುಳಿತ ಹನ್ನೊಂದು ಮುತ್ತೈದೆಯರೇ ಸಾಕ್ಷಿ. ನನ್ನನ್ನು ಯಾರೂ ಏನೂ ಕೇಳಬೇಕಾಗಿಲ್ಲ, ನಾನು ಏನೂ ಹೇಳಬೇಕಾಗಿಲ್ಲ. ಆಟ ಮುಗಿಯುವ ಹೊತ್ತಿಗೆ ಬಾಗಲಕೋಟೆಯ ವಿಷಯವೂ ಮುಗಿದಿರುತ್ತದೆ. ಏಳಬಾರದೆಂಬ ನಿಯಮ ನಾನೇ ಬರೆದದ್ದು.

"ಕೂಡವಾ, ನಾಚಿಕೆಂಥಾದ್ದು" ಎಂದು ಪಕ್ಕದ ಹೆಂಗಸು ನನ್ನ ಕೈ ಹಿಡಿದು ಕೆಳಗೆ ಎಳೆದಳು. ಯಾರೋ ನಕ್ಕರು.

ಕೊನೆಯ ಚೀಟಿ ಅತ್ತೆಯ ಬಳಿಯೇ ಇತ್ತು. ಅವಳು ಅದನ್ನು ಒಂದು ಗಳಿಗೆ ನೋಡಿ, ಹೊಸ್ತಿಲ ಈಚೆಗೆ ಕೈ ಮಾತ್ರ ಚಾಚಿ ಕೊಟ್ಟಳು.

ಆಟ ಶುರುವಾಯಿತು. ಅತ್ತೆ ಚೀಲದಿಂದ ಬೀಜ ತೆಗೆದು ಕೂಗುತ್ತಿದ್ದಳು. "ನಲವತ್ತೊಂದು!" ಹೆಂಗಸರಿಗೆ ಬೇಗ ರುಚಿ ಹತ್ತಿತು.

"ಬಂತಽ ಬಂತು, ಉತ್ತತ್ತಿ ನಂದು!"

"ಏ, ಅದು ನಡುವಿನ ಸಾಲು, ಅಡಿಕಿ ತಗೋಬೇಕು. ಉತ್ತತ್ತಿ ಇಡು ಕೆಳಗ."

"ಒಂದು ಉತ್ತತ್ತಿಗೆ ಪೊಲೀಸರನ್ನ ಕರೀತೀಯೇನ?"

"ಕರೀತೇನಿ. ನಮ್ಮ ಮೈದುನನ ಫೌಜದಾರ ಅದಾನ."

ಎಲ್ಲರೂ ನಗುತ್ತಿದ್ದರು. ಪ್ರತಿ ಸಂಖ್ಯೆಗೂ ಎರಡು ಕೈಗಳು ಮುಂದೆ ಬರುತ್ತಿದ್ದವು, ಈ ಜಮಖಾನೆಯಲ್ಲೊಂದು, ಆ ಜಮಖಾನೆಯಲ್ಲೊಂದು. ಲೆಕ್ಕ ಎಲ್ಲೂ ತಪ್ಪಲಿಲ್ಲ. ಯಾವುದೋ ಬೇರೆ ದಿನವಾಗಿದ್ದರೆ ಅದನ್ನು ನೋಡಿ ನನಗೆ ಬಹಳ ಸಂತೋಷವಾಗುತ್ತಿತ್ತು. ನನ್ನ ಸೆರಗಿನಲ್ಲಿ ಉತ್ತತ್ತಿ ಬಿದ್ದವು, ಅಡಿಕೆ ಬಿದ್ದವು. ಪ್ರತಿಯೊಂದೂ ಬೀಳುವಾಗ ಪಕ್ಕದವಳು ನನ್ನ ಮೊಣಕೈ ತಿವಿಯುತ್ತಿದ್ದಳು. ನನ್ನ ಚೀಟಿಯಲ್ಲಿ ತೆರೆದಿರುವ ಮನೆಗಳು ಕಡಿಮೆಯಾಗುತ್ತಿದ್ದವು. ನಾನು ಅವುಗಳನ್ನೇ ನೋಡುತ್ತ ಕುಳಿತಿದ್ದೆ. ಎಲ್ಲವೂ ತುಂಬಲೇಬೇಕು, ಹಾಗೆ ತುಂಬುವಂತೆ ಮಾಡಿದವಳು ನಾನೇ.

ಖಣ ಫೌಜದಾರನ ಅತ್ತಿಗೆಗೆ ಹೋಯಿತು. ಒಬ್ಬೊಬ್ಬರ ಉಡಿಯೂ ತುಂಬುತ್ತ ಬಂತು. ನನಗೆ ಕೆಳಗಿನ ಸಾಲಿನ ಅರವತ್ತೇಳು ಒಂದು ಉಳಿಯಿತು. ಅತ್ತೆ ಕೂಗುವುದು ನಿಧಾನವಾಯಿತು, ದನಿ ಸ್ವಲ್ಪ ತೊದಲಿದಂತೆ ಕೇಳಿತು. ತಲೆ ಎತ್ತಿ ನೋಡಿದೆ. ಯಾವಾಗಲೂ ಅಡಿಕೆ ಇರುವುದು ಅವಳ ಎಡಗೆನ್ನೆಯಲ್ಲಿ. ಈಗ ಬಲಗೆನ್ನೆಯೂ ಉಬ್ಬಿತ್ತು.

ಅವಳು ಚೀಲವನ್ನು ಮಗುಚಿ ಕೊಡವಿದಳು. "ಮುಗೀತ್ರೀ" ಎಂದಳು.

"ಮುಗೀಲಿಲ್ಲ, ನನ್ನದೊಂದು ಉಳದೈತಿ" ಎಂದರು ಅಕ್ಕಾವರು. ಅವರ ಚೀಟಿಯ ಮೇಲಿನ ಸಾಲಿನಲ್ಲಿ ಅರವತ್ತೇಳು ತೆರೆದೇ ಇತ್ತು. ಉತ್ತತ್ತಿ ನಾಲ್ಕೇ.

"ಈ ಕೂಸಿಂದೂ ಉಳದೈತ್ರೀ" ಎಂದಳು ನನ್ನ ಪಕ್ಕದವಳು. "ಅದೂ ಅರವತ್ತೇಳ. ಅರಿಷಿಣ ನಾಲ್ಕ ಬಂದಾವು."

ಆಮೇಲೆ ಹುಡುಕಾಟ. ಜಮಖಾನೆ ಎತ್ತಿ ಕೊಡವಿದರು, ತಟ್ಟೆಗಳನ್ನು ಸರಿಸಿದರು, ಸೀರೆಯ ನಿರಿಗೆಗಳಲ್ಲಿ ನೋಡಿದರು. "ಇಲಿ ಒಯ್ದಿರಬೇಕು." "ಇಷ್ಟು ಮಂದಿ ನಡುವ ಯಾವ ಇಲಿ ಬರತೈತ್ರೀ, ಅದಕ್ಕೇನು ಉಡಿ ತುಂಬಸ್ಕೋಬೇಕಾಗಿತ್ತೇನು?" ಅತ್ತೆ ಕೂಡ ಹೊಸ್ತಿಲ ಆಚೆ ಬಗ್ಗಿ, ಬಾಯಿ ಬಿಗಿಹಿಡಿದು ಹುಡುಕುತ್ತಿದ್ದಳು.

"ಇರಲಿ, ನಾನ ಕೈಲೆ ಒಂದು ಬೇರು ಹಾಕತೇನಿ" ಎಂದು ಅಕ್ಕಾವರು ತಟ್ಟೆಗೆ ಕೈ ಹಾಕಿದರು.

ಮೂಲೆಯಲ್ಲಿ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬರು, "ತಡಿಯವಾ" ಎಂದರು. "ಎಲ್ಲಾರಿಗೂ ತಾನ ಬಂದೈತಿ. ಬರಲಾರದ್ದು ಇಬ್ಬರಿಗೇ. ಒಬ್ಬಾಕಿ ನೀನು, ಒಬ್ಬಾಕಿ ಈ ಕೂಸು. ಅದೂ ಒಂದ ಅಂಕಿ. ಬ್ಯಾರೆ ಯಾರಿಗರ ಆಗಿದ್ರ ನಾ ಅಂತಿದ್ದಿಲ್ಲ. ಅರಿಷಿಣಾ ತಾನಾಗಿ ಬರಲಿಲ್ಲ ಅಂದ ಮ್ಯಾಲೆ ಕೈಲೆ ಹಾಕೂದು ನೆಟ್ಟಗಲ್ಲ."

ಅಕ್ಕಾವರ ಕೈ ತಟ್ಟೆಯಲ್ಲೇ ನಿಂತಿತು. ಅವರು ನನ್ನ ಕಡೆ ತಿರುಗಿದರು.

"ಕೂಸ, ನೀ ಮಾಡಿದ ಚೀಟಿ ಇವು. ಲೆಕ್ಕದಾಗ ಇದಕ್ಕೇನರ ಐತೇನು?"

ಇತ್ತು. ಪ್ರತಿ ಸಂಖ್ಯೆ ಒಂದೊಂದು ಕಟ್ಟಿನಲ್ಲಿ ಒಂದೇ ಸಲ ಇರುವುದರಿಂದ, ಒಂದು ಬೀಜ ಕಳೆದರೆ ಎರಡು ಜಮಖಾನೆಗಳಲ್ಲೂ ಒಬ್ಬೊಬ್ಬರಿಗೆ ಕಡಿಮೆ ಬೀಳಲೇಬೇಕು. ನನಗೆ ಕಡಿಮೆಯಾದ ಮೇಲೆ ಆ ಕಡೆಯವರು ಅಕ್ಕಾವರೇ ಆಗುವುದು ಆರರಲ್ಲಿ ಒಂದು ಸಾಧ್ಯತೆ, ಅಷ್ಟೇನೂ ಅಪರೂಪವಲ್ಲ. ಇನ್ನೊಂದು ಬೀಜದ ಮೇಲೆ ಅರವತ್ತೇಳು ಬರೆದು ಕೂಗಿದರೆ ಆಟ ಪೂರ್ತಿ. ಎರಡು ವಾಕ್ಯಗಳಲ್ಲಿ ಹೇಳಬಹುದಾಗಿತ್ತು, ಅವರು ಒಪ್ಪಿಕೊಳ್ಳುತ್ತಿದ್ದರು ಕೂಡ. ಅವ್ವ ಈಗ ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಲ್ಲಾರಿಗೂ ಹದಿನೈದು ಬರಬೇಕಿತ್ತರೀ" ಎಂದೆ. "ಚೀಟಿ ಸರಿ ಅದಾವು."

ಅಷ್ಟೇ ಹೇಳಿದೆ. ಸುಳ್ಳೇನೂ ಅಲ್ಲ.

ಅಕ್ಕಾವರು ಬಹಳ ಹೊತ್ತು ಕೆಂಪಂಚಿನ ಚೀಟಿ ನೋಡಿದರು. ಆಮೇಲೆ ಹತ್ತು ಜನರ ಉಡಿಯಲ್ಲಿ ತೆಂಗಿನಕಾಯಿ ಇಟ್ಟರು. ನನಗೆ ಕುಂಕುಮ ಮಾತ್ರ ಹಚ್ಚಿ, "ಏಳವಾ, ಕಾಲು ಹಿಡದಿರಬೇಕು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅವರಿಗೂ ಅಂಜಿಕೆಯಾದಂತಿತ್ತು.

ಹಿಂತಿರುಗುವ ಬಸ್ಸಿನಲ್ಲಿ ಅವ್ವ ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತಳು. ಅತ್ತೆ ನನ್ನ ಪಕ್ಕದಲ್ಲಿದ್ದಳು. ಊರು ದಾಟಿದ ಮೇಲೆ ಕಿಟಕಿಯಿಂದ ಹೊರಗೆ ಉಗಿದಳು. ಕಪ್ಪನೆಯದೊಂದು ರಸ್ತೆಯ ಬದಿಗೆ ಬಿತ್ತು.

"ಬಣ್ಣಾ ಭಾಳ ಕಹಿ ಹಾಕೀದಿ ನೀ" ಎಂದಳು ಮೆಲ್ಲಗೆ.

"ನನ್ನ ಚೀಟಿ ನೋಡೇ ಕೊಟ್ಟಿಯೇನು?"

"ಹನ್ನೆರಡರಾಗ ಉಳದದ್ದು ಅದೊಂದ. ಆದ್ರ ಆ ಕೆಂಪಂಚಿನಾಕೀದೂ ನಿಂದೂ ಎರಡರಾಗೂ ಇರೂ ಅಂಕಿ ಯಾವುದು ಅಂತ ನೋಡಾಕ ನನಗ ಕಣ್ಣು ಅದಾವಲ್ಲ." ಸೆರಗಿನಿಂದ ತುಟಿ ಒರೆಸಿಕೊಂಡಳು. "ನನ್ನ ಉಡಿ ತುಂಬೂ ಮುಂದ ನಾ ಆಟಾ ಆಡಾಕತ್ತಿದ್ದೆ, ಅಂಗಳದಾಗ. ಕರಕೊಂಡು ಬಂದು ಕುಂದರಿಸಿದ್ರು. ಏನು ಎತ್ತ ಅಂತ ಕೇಳಲಿಲ್ಲ ಯಾರೂ. ಆತು ಬಿಡು."

ನಾನು ಅವಳ ಕೈ ಹಿಡಿಯಬೇಕಿತ್ತೇನೋ. ನಮ್ಮ ಮನೆಯಲ್ಲಿ ಆ ರೂಢಿ ಇಲ್ಲ.

ಹುನಗುಂದದಿಂದ, ಸದ್ಯಕ್ಕೆ ಬೇಡ, ಮುಂದೆ ನೋಡೋಣ ಎಂಬ ಮಾತು ಬಂತು. ಅದು ಬಂದು ನಿಲ್ಲಲಿಲ್ಲ, ಸುತ್ತ ಹರಡಿತು. ಗುಡೂರಿನಿಂದ ಬರುವವರಿದ್ದ ಇನ್ನೊಂದು ಸಂಬಂಧದವರು ಬರಲಿಲ್ಲ. ಅಂಗಡಿಗೆ ಬಂದ ಹೆಂಗಸರು ಸೀರೆ ನೋಡುತ್ತ ದನಿ ತಗ್ಗಿಸಿ, "ಅರಿಷಿಣ ಬರಲಿಲ್ಲಂತಲ್ಲ, ಆ ಹುಡುಗೀನ ಏನು ಒಳಗಿರೂದು?" ಎಂದು ಕೇಳುತ್ತಿದ್ದರು. ನಾನು ಪಡಸಾಲೆಯಲ್ಲಿ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಮೊದಲು ಅಂಗಡಿ ದಾಟಬಾರದೆಂದು ಅವ್ವ ಹೇಳುತ್ತಿದ್ದಳು. ಈಗ ಬಾಗಿಲ ಬಳಿ ಕಾಣಿಸಿಕೊಳ್ಳಲೂ ಬಾರದಾಯಿತು. ಆ ಮದುವೆ ತಪ್ಪಿದ್ದರಿಂದ ನನಗೆ ಸಿಕ್ಕದ್ದು ಇನ್ನೂ ಚಿಕ್ಕ ಜಾಗ. ಕಾಲೇಜಿನವರಿಗೆ ಉತ್ತರ ಕೊಡುವ ದಿನಗಳು ಮುಗಿಯುತ್ತಿದ್ದವು. ಅಪ್ಪನನ್ನು ಮತ್ತೊಮ್ಮೆ ಕೇಳುವ ಧೈರ್ಯ ಬರಲಿಲ್ಲ. ಅವರು ಊಟಕ್ಕೆ ಬಂದರೆ ತಟ್ಟೆ ನೋಡುತ್ತ ಉಂಡು ಏಳುತ್ತಿದ್ದರು.

ದೀಪಾವಳಿಯ ಪಾಡ್ಯದ ದಿನ ಅಂಗಡಿಯ ಪೂಜೆ ಮುಗಿದ ಮೇಲೆ ಅಪ್ಪ, ಅವ್ವ ಇಬ್ಬರೇ ಅಲ್ಲಿ ಉಳಿದಿದ್ದರು. ಬಾಗಿಲು ಮುಚ್ಚಿತ್ತು. ಮಾತು ಎಂದಿನಂತೆ ಒಳಗೆ ಬಂತು.

"ಒಂದು ಸೀರಿ ಇಲ್ಲಿ ನಾಲ್ಕು ಮಂದಿ ಬಿಚ್ಚಿ ನೋಡಿ ಬಿಟ್ಟಾರಂದ್ರ, ಅದು ಎಷ್ಟು ಛಲೋ ಇದ್ರೂ ಇಳಕಲ್ಲದಾಗ ಹೋಗೂದಿಲ್ಲ" ಎನ್ನುತ್ತಿದ್ದರು ಅಪ್ಪ. "ಅದನ್ನ ನಾ ಏನ್ ಮಾಡತೇನಿ? ಬಾಗಲಕೋಟಿ ಅಂಗಡಿಗೆ ಕಳಸತೇನಿ. ಅಲ್ಲಿ ಯಾರಿಗೂ ಗೊತ್ತಿರೂದಿಲ್ಲ."

"ಹುಡುಗಿ ಸೀರಿ ಅಲ್ಲ" ಎಂದಳು ಅವ್ವ. ಅಳುತ್ತಿದ್ದಳು.

"ಅಲ್ಲ ಅಂತನ ಹೇಳಾಕತ್ತೇನಿ. ಸೀರಿ ಆಗಿದ್ರ ಮಡಿಚಿ ಇಡತಿದ್ದೆ. ಅಲ್ಲಿ ನಮ್ಮ ಪೈಕಿ ಮನಿ ಐತಿ, ಅವರ ಕಡೆ ಇರಲಿ. ನಾಲ್ಕ ಮಂದಿ ನೋಡಲಿ. ಕಲಿಸೂ ಹುಡುಗಿ ಅಂದ್ರ ಅಲ್ಲಿ ಒಪ್ಪವರೂ ಸಿಗತಾರ. ಒಂದು ವರ್ಷದ ಮಾತು."

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅಪ್ಪ ಹಣೆಗೆ ಪೂಜೆಯ ಗಂಧ ಹಚ್ಚಿಕೊಂಡೇ ಒಳಗೆ ಬಂದು ನನ್ನೆದುರು ನಿಂತರು. ನನ್ನನ್ನು ನೋಡದೆ ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತ, "ಬಾಗಲಕೋಟಿಯವರಿಗೆ ಬರತೇನಿ ಅಂತ ಬರಿ" ಎಂದರು. ನಾನು ಹೂಂ ಎಂದೆ. ಕೃತಜ್ಞತೆ ತೋರಿಸಬೇಕೆಂದು ಅನಿಸಿತು, ಯಾವುದಕ್ಕೆಂದು ತಿಳಿಯಲಿಲ್ಲ. ಅವರು ಹಿಂತಿರುಗಿ ಅಂಗಡಿಗೆ ಹೋದರು.

ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಏನಂದ?"

"ಹೋಗು ಅಂದ್ರು. ಅವರ ಮನಸಿನ್ಯಾಗ ಇರೂದು..."

"ಹೋಗು ಅಂದನಿಲ್ಲ?" ಅವಳು ರೊಟ್ಟಿಯನ್ನು ಎತ್ತಿ ಹಂಚಿನ ಮೇಲೆ ಹಾಕಿದಳು. ಅದರ ಮೇಲೆ ನೀರು ಸವರುತ್ತ, "ಮುಂದಿಂದು ನನಗ ಹೇಳಬ್ಯಾಡ" ಎಂದಳು.